ವಾಹನವಿಲ್ಲದ ಆಲ್ಪ್ಸ್ ರಸ್ತೆ: ಗ್ರೋಸೆ ಶೈಡೆಗ್ ಘಾಟಿಗೆ ಸೈಕಲ್ ಸವಾರಿ

ಪ್ರಶ್ನೆ: ನಾನು ಬೆಂಗಳೂರಿನವನು, ಈಗ ಜ್ಯೂರಿಕ್‌ನಲ್ಲಿ ಕೆಲಸದಲ್ಲಿದ್ದೇನೆ. ಊರಿನಲ್ಲಿದ್ದಾಗ ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟಕ್ಕೆ ಸೈಕಲ್‌ನಲ್ಲಿ ಹೋಗಿಬರುವ ಅಭ್ಯಾಸವಿತ್ತು. ಇಲ್ಲಿ ರೋಡ್ ಬೈಕ್ ಕೊಂಡು ಒಂದೆರಡು ಪ್ರಸಿದ್ಧ ಘಾಟಿಗಳನ್ನು ಹತ್ತಿದೆ. ಆದರೆ ಬೆನ್ನ ಹಿಂದೆ ಸಾಲುಗಟ್ಟಿ ಬರುವ ಕಾರು, ಮೋಟರ್‌ಸೈಕಲ್ಲುಗಳ ನಡುವೆ ನೆಮ್ಮದಿಯೇ ಸಿಗಲಿಲ್ಲ. ಮಣ್ಣುದಾರಿಯಲ್ಲದ, ಡಾಂಬರು ಹಾಕಿದ, ವಾಹನಗಳಿಲ್ಲದ ಶಾಂತ ಕಣಿವೆಯ ರಸ್ತೆ ಆಲ್ಪ್ಸ್‌ನಲ್ಲಿ ಇದೆಯೇ? ಇದ್ದರೆ ಹೇಗೆ ಸಿದ್ಧನಾಗಬೇಕು? ನನ್ನ ಪತ್ನಿಗೆ ಸೈಕಲ್ ಅಭ್ಯಾಸ ಕಡಿಮೆ. ಅವರೂ ಜೊತೆಗೆ ಬರಬಹುದೇ?

ಉತ್ತರ: ಇದೆ, ಅದೂ ನೀವಿರುವ ಊರಿನಿಂದ ಬೆಳಗಿನ ರೈಲು ಹಿಡಿದರೆ ಮಧ್ಯಾಹ್ನಕ್ಕೆ ಮುಂಚೆಯೇ ಪೆಡಲ್ ತುಳಿಯಲು ಆರಂಭಿಸಬಹುದಾದಷ್ಟು ಹತ್ತಿರದಲ್ಲಿದೆ. ಸ್ವಿಟ್ಜರ್ಲೆಂಡಿನ ಬರ್ನ್ ಪ್ರಾಂತ್ಯದಲ್ಲಿರುವ ಮೈರಿಂಗೆನ್ ಎಂಬ ಊರಿನಿಂದ ರೋಸೆನ್‌ಲಾವಿ ಕಣಿವೆಯೊಳಗೆ ಹತ್ತಿ, 1,962 ಮೀಟರ್ ಎತ್ತರದ ಗ್ರೋಸೆ ಶೈಡೆಗ್ ಘಾಟಿಯನ್ನು ದಾಟಿ, ಆಚೆ ಬದಿಯ ಗ್ರಿಂಡೆಲ್‌ವಾಲ್ಡ್‌ಗೆ ಇಳಿಯುವ ರಸ್ತೆಯನ್ನು ನಾನು ನಿಮಗೆ ಸೂಚಿಸುತ್ತೇನೆ. ಈ ಘಾಟಿಯ ಮೇಲ್ಭಾಗದ ಎರಡೂ ಬದಿಗಳಲ್ಲಿ, ಒಟ್ಟು ಸುಮಾರು ಹನ್ನೆರಡು ಕಿಲೋಮೀಟರುಗಳ ಉದ್ದಕ್ಕೆ, ಖಾಸಗಿ ಕಾರಿಗೂ ಮೋಟರ್‌ಸೈಕಲ್‌ಗೂ ಪ್ರವೇಶವಿಲ್ಲ. ಅಲ್ಲಿ ಓಡಾಡುವುದು ವೇಳಾಪಟ್ಟಿಯಂತೆ ಬರುವ ಸಾರ್ವಜನಿಕ ಬಸ್ಸು, ಅನುಮತಿ ಇರುವ ಸ್ಥಳೀಯ ರೈತರ ವಾಹನ, ಇವೆರಡನ್ನು ಬಿಟ್ಟರೆ ನಡೆಯುವವರು ಮತ್ತು ಸೈಕಲ್ ಸವಾರರು ಮಾತ್ರ.

ರಸ್ತೆಯ ವಿವರಕ್ಕೆ ಹೋಗುವ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು, ಏಕೆಂದರೆ ಮುಂದೆ ನೀವೇ ಇಂಥ ರಸ್ತೆಗಳನ್ನು ಹುಡುಕುವಾಗ ಇದೇ ನಿಮಗೆ ದಾರಿ ತೋರಿಸುತ್ತದೆ. ದೂರದ, ಜನವಸತಿ ಕಡಿಮೆಯಿರುವ ಕಣಿವೆಯಾದರೆ ಅಲ್ಲಿ ವಾಹನ ಇರುವುದಿಲ್ಲ ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಆಲ್ಪ್ಸ್‌ನಲ್ಲಿ ಈ ಲೆಕ್ಕ ತಪ್ಪಾಗುತ್ತದೆ. ಗ್ರಿಮ್‌ಸೆಲ್ ಮತ್ತು ಸುಸ್ಟೆನ್ ಎಂಬ ಹೆಸರಾಂತ ಘಾಟಿಗಳೆರಡೂ ಮೈರಿಂಗೆನ್‌ನ ಪಕ್ಕದ ಊರಾದ ಇನ್ನರ್ಟ್‌ಕಿರ್ಖೆನ್‌ನಿಂದಲೇ ಆರಂಭವಾಗುತ್ತವೆ. ಅವುಗಳ ಮೇಲ್ಭಾಗದಲ್ಲಿ ಮನೆಗಳೇ ಇಲ್ಲವೆನ್ನಬಹುದು. ಆದರೂ ಬೇಸಿಗೆಯ ಶನಿವಾರ, ಭಾನುವಾರಗಳಲ್ಲಿ ಅಲ್ಲಿ ಮೋಟರ್‌ಸೈಕಲ್ಲುಗಳ ಸದ್ದು ಕಣಿವೆಯನ್ನೇ ತುಂಬುತ್ತದೆ. ಅದೇ ಬೆಟ್ಟಸಾಲಿನಲ್ಲಿರುವ ಗ್ರೋಸೆ ಶೈಡೆಗ್ ಶಾಂತವಾಗಿರುವುದು ಅದು ದೂರದಲ್ಲಿದೆ ಎಂಬ ಕಾರಣಕ್ಕಲ್ಲ, ವಾಹನಗಳನ್ನು ಬಿಡಬಾರದೆಂಬ ನಿಯಮವನ್ನು ಜನರು ಮಾಡಿ, ಅದನ್ನು ಪಾಲಿಸಿಕೊಂಡು ಬಂದಿರುವ ಕಾರಣಕ್ಕೆ. ಆದ್ದರಿಂದ ಯಾವುದೇ ರಸ್ತೆಯ ಬಗ್ಗೆ ‘ಅಲ್ಲಿ ವಾಹನ ಕಡಿಮೆಯಂತೆ’ ಎಂದು ಕೇಳಿದಾಗ, ಏಕೆ ಕಡಿಮೆ ಎಂದು ಮರುಪ್ರಶ್ನೆ ಹಾಕಿರಿ. ಗಟ್ಟಿಯಾದ ಕಾರಣ ಸಿಕ್ಕರೆ ಮಾತ್ರ ಹೊರಡಿರಿ.

ಅಂಥ ಕಾರಣಗಳು ಕೆಲವೇ. ಒಂದು, ಇಲ್ಲಿಯಂತೆ ನೇರವಾದ ನಿಷೇಧ. ಇನ್ನೊಂದು, ಹಳೆಯ ರಸ್ತೆಗೆ ಬದಲಾಗಿ ಹೊಸ ರಸ್ತೆಯೋ ಸುರಂಗವೋ ಬಂದಿರುವುದು: ಗಾಟ್‌ಹಾರ್ಡ್ ಘಾಟಿಯ ದಕ್ಷಿಣ ಬದಿಯಲ್ಲಿ ಐರೋಲೋ ಊರಿನ ಮೇಲಿರುವ ಟ್ರೆಮೋಲಾ ರಸ್ತೆಯಿಂದ ವಾಹನಗಳನ್ನು ಹೊಸ ಘಾಟಿ ರಸ್ತೆ ಸೆಳೆದುಕೊಂಡಿತು, ಆಮೇಲೆ 1980ರಲ್ಲಿ ತೆರೆದ ಸುಮಾರು 17 ಕಿಲೋಮೀಟರಿನ ಸುರಂಗ ಉಳಿದವನ್ನೂ ಬೆಟ್ಟದ ಅಡಿಗೆ ಎಳೆದುಕೊಂಡಿತು. ಆದರೆ ಟ್ರೆಮೋಲಾ ಕಲ್ಲುಚಪ್ಪಡಿಯ ರಸ್ತೆ. ಸಪೂರ ಟಯರಿನ ರೋಡ್ ಬೈಕಿಗೆ ಅದು ಹಿತವಾಗದು. ಮೂರನೆಯದು, ಮುಚ್ಚಿಹೋದ ರೈಲುಮಾರ್ಗ ಸೈಕಲ್ ದಾರಿಯಾಗಿರುವುದು: ಇಟಲಿಯ ಈಶಾನ್ಯ ಮೂಲೆಯಲ್ಲಿ ಟಾರ್ವಿಸಿಯೋದಿಂದ ಪೊಂಟೆಬ್ಬಾ, ಕ್ಯೂಸಾಫೋರ್ಟೆ ಕಡೆಗೆ ಇಳಿಯುವ ಆಲ್ಪೆ ಆಡ್ರಿಯಾ ದಾರಿ ಇದಕ್ಕೆ ಒಳ್ಳೆಯ ಉದಾಹರಣೆ, ಹಳೆಯ ರೈಲು ಸುರಂಗಗಳು, ಸೇತುವೆಗಳ ಮೇಲೆಯೇ ಸೈಕಲ್ ಸಾಗುತ್ತದೆ.

ನಕ್ಷೆಯಲ್ಲಿ ಅಥವಾ ರಸ್ತೆಯ ಬದಿಯಲ್ಲಿ ನಿಷೇಧದ ಫಲಕ ಕಂಡಾಗ ಅದನ್ನು ಸರಿಯಾಗಿ ಓದುವುದೂ ಮುಖ್ಯ. ಕೆಂಪು ಅಂಚಿನ ಬಿಳಿ ವೃತ್ತದೊಳಗೆ ಕಾರು ಮತ್ತು ಮೋಟರ್‌ಸೈಕಲ್ಲಿನ ಚಿತ್ರವಿದ್ದರೆ ಆ ನಿಷೇಧ ಅವುಗಳಿಗೆ ಮಾತ್ರ. ಸೈಕಲ್ ಸವಾರರು ಧಾರಾಳವಾಗಿ ಹೋಗಬಹುದು. ವೃತ್ತದೊಳಗೆ ಏನೂ ಇಲ್ಲದಿದ್ದರೆ, ಕೆಳಗಿನ ಹೆಚ್ಚುವರಿ ಫಲಕದಲ್ಲಿ ಸೈಕಲ್‌ಗೆ ವಿನಾಯಿತಿ ಬರೆದಿಲ್ಲದಿದ್ದರೆ, ಅದು ಸೈಕಲ್ ಸೇರಿದಂತೆ ಎಲ್ಲ ವಾಹನಗಳಿಗೂ ನಿಷೇಧ. ಅಲ್ಲಿ ಇಳಿದು ತಳ್ಳಿಕೊಂಡು ಹೋಗಬೇಕು.

ಈಗ ರಸ್ತೆಗೆ ಬರೋಣ. ಮೈರಿಂಗೆನ್ ಇರುವುದು ಸಮುದ್ರಮಟ್ಟದಿಂದ ಸುಮಾರು 595 ಮೀಟರ್ ಎತ್ತರದಲ್ಲಿ, ಆರೆ ನದಿಯ ಬಯಲಿನಲ್ಲಿ. ಅಲ್ಲಿಂದ ಘಾಟಿಯ ತುದಿಗೆ ಹದಿನಾರು, ಹದಿನೇಳು ಕಿಲೋಮೀಟರ್ ದೂರದಲ್ಲಿ ಸುಮಾರು 1,370 ಮೀಟರ್ ಏರಬೇಕು. ನಂದಿ ಬೆಟ್ಟದ ಬುಡದಿಂದ ಮೇಲಕ್ಕಿರುವ ಏರು ಸುಮಾರು 500 ಮೀಟರ್ ಎಂದಿಟ್ಟುಕೊಂಡರೆ, ಇದು ಒಂದೇ ಉಸಿರಿನಲ್ಲಿ ಮೂರು ನಂದಿ ಬೆಟ್ಟಗಳಿಗೆ ತುಸು ಕಡಿಮೆ. ಆದರೆ ಎತ್ತರದ ಗಾಳಿಯ ಬಗ್ಗೆ ಹೆದರಬೇಕಾಗಿಲ್ಲ. ಘಾಟಿಯ ತುದಿ ನಮ್ಮ ಮುಳ್ಳಯ್ಯನಗಿರಿಯ ಶಿಖರಕ್ಕಿಂತ ಕೆಲವು ಮಾರು ಮಾತ್ರ ಮೇಲಿದೆ.

ಸರಾಸರಿ ಏರು ಶೇಕಡಾ 8ರ ಸುಮಾರು ಎಂಬ ಅಂಕಿಯನ್ನು ನೋಡಿ ಸಮಾಧಾನಪಟ್ಟುಕೊಳ್ಳಬೇಡಿ, ಏಕೆಂದರೆ ಈ ಏರು ಎಲ್ಲೆಡೆ ಒಂದೇ ಸಮನಾಗಿ ಹಂಚಿಕೊಂಡಿಲ್ಲ. ಊರು ಬಿಟ್ಟು ವಿಲ್ಲಿಗೆನ್ ದಾಟಿದ ಕೂಡಲೇ ರೈಶೆನ್‌ಬಾಖ್ ಜಲಪಾತದ ಪಕ್ಕದ ಕಾಡಿನಲ್ಲಿ ರಸ್ತೆ ಹಾವಿನಂತೆ ಸುತ್ತುತ್ತಾ ಕಡಿದಾಗಿ ಏರುತ್ತದೆ. ದೇಹ ಇನ್ನೂ ಬಿಸಿಯಾಗಿರದ ಹೊತ್ತಿನಲ್ಲಿ ಬರುವ ಈ ಭಾಗದಲ್ಲೇ ಅನೇಕರು ಶಕ್ತಿಯನ್ನೆಲ್ಲ ಖರ್ಚುಮಾಡಿಕೊಳ್ಳುತ್ತಾರೆ. ಇಲ್ಲಿ ಉದ್ದೇಶಪೂರ್ವಕವಾಗಿ ನಿಧಾನವಾಗಿರಿ. ಕಾಡು ಮುಗಿದ ಮೇಲೆ ಕಣಿವೆ ಅಗಲವಾಗಿ, ರಸ್ತೆ ಹೆಚ್ಚುಕಡಿಮೆ ಸಮತಟ್ಟಾಗುತ್ತದೆ. ಗ್ಶ್ವಾಂಟೆನ್‌ಮಾಡ್ ಎಂಬ ಹುಲ್ಲುಗಾವಲಿನ ಬಳಿ ನಿಂತರೆ ಎದುರಿಗೆ ವೆಲ್‌ಹಾರ್ನ್ ಶಿಖರ, ಅದರ ಹಿಂದೆ 3,692 ಮೀಟರ್ ಎತ್ತರದ ವೆಟರ್‌ಹಾರ್ನ್, ಎಡಬದಿಯಲ್ಲಿ ಹಿಮನದಿ, ಪಕ್ಕದಲ್ಲಿ ತೊರೆ. ಆಲ್ಪ್ಸ್‌ನ ಚಿತ್ರಕಾರರು ಎರಡು ಶತಮಾನಗಳ ಹಿಂದೆಯೇ ಈ ನೋಟಕ್ಕಾಗಿ ಇಲ್ಲಿಗೆ ನಡೆದು ಬರುತ್ತಿದ್ದರು. ಇಡೀ ದಾರಿಯಲ್ಲಿ ನಾನು ಅತ್ಯಂತ ಪ್ರೀತಿಸುವ ಜಾಗ ಇದು; ಸಮಯ ನೋಡದೆ ಇಲ್ಲಿ ನಿಲ್ಲಿರಿ ಎಂದು ಮನಃಪೂರ್ವಕವಾಗಿ ಹೇಳುತ್ತೇನೆ. ಮುಂದೆ 1,328 ಮೀಟರಿನಲ್ಲಿ ರೋಸೆನ್‌ಲಾವಿ ಸಿಗುತ್ತದೆ. ಹಳೆಯ ಹೋಟೆಲ್ ಒಂದು, ಹಿಮನದಿಯ ನೀರು ಕೊರೆದ ಕಮರಿ ಒಂದು ಅಲ್ಲಿವೆ. ಇನ್ನೂ ಸ್ವಲ್ಪ ಮೇಲೆ, 1,454 ಮೀಟರಿನಲ್ಲಿ, ಶ್ವಾರ್ಟ್ಸ್‌ವಾಲ್ಡ್‌ಆಲ್ಪ್.

ಒಂದು ವಿಷಯವನ್ನು ಮರೆಮಾಚಬಾರದು. ಮೈರಿಂಗೆನ್‌ನಿಂದ ಶ್ವಾರ್ಟ್ಸ್‌ವಾಲ್ಡ್‌ಆಲ್ಪ್‌ವರೆಗಿನ ಕೆಳಭಾಗದಲ್ಲಿ ಕಾರುಗಳು ಶುಲ್ಕ ಕಟ್ಟಿ ಬರಬಹುದು. ವಾರದ ದಿನಗಳ ಬೆಳಿಗ್ಗೆ ಅವು ವಿರಳ. ಬಿಸಿಲಿನ ಭಾನುವಾರ ಹತ್ತು ಗಂಟೆಯ ಮೇಲೆ ರಸ್ತೆ ಕಿರಿದಾಗಿರುವುದರಿಂದ ತೊಂದರೆ ಅನಿಸಬಹುದು. ನಿಮಗೆ ನಂದಿ ಬೆಟ್ಟದಿಂದ ಬಂದಿರುವ ಬೇಗ ಏಳುವ ಅಭ್ಯಾಸ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಸಾಧ್ಯವಾದರೆ ಹಿಂದಿನ ರಾತ್ರಿ ಮೈರಿಂಗೆನ್‌ನಲ್ಲೇ ತಂಗಿ, ಏಳು ಗಂಟೆಗೆ ಹೊರಟುಬಿಡಿ.

ಶ್ವಾರ್ಟ್ಸ್‌ವಾಲ್ಡ್‌ಆಲ್ಪ್‌ನ ತಡೆ ದಾಟಿದ ಮೇಲೆ ನೀವು ಕೇಳಿದ ರಸ್ತೆ ನಿಜವಾಗಿ ಆರಂಭವಾಗುತ್ತದೆ. ಒಂದು ಬಸ್ಸು ಹಿಡಿಸುವಷ್ಟೇ ಅಗಲದ ಡಾಂಬರು, ಸುಮಾರು ಐದೂವರೆ ಕಿಲೋಮೀಟರಿನಲ್ಲಿ 500 ಮೀಟರಿಗೂ ಹೆಚ್ಚು ಏರು, ಅಂದರೆ ಸರಾಸರಿ ಶೇಕಡಾ 9ಕ್ಕಿಂತ ಮೇಲೆ. ಎಡಕ್ಕೆ ವೆಟರ್‌ಹಾರ್ನ್‌ನ ಬಂಡೆಗೋಡೆ ತಲೆಯ ಮೇಲೆಯೇ ಎದ್ದಂತೆ ಇರುತ್ತದೆ. ತುದಿಯ ತಿರುವನ್ನು ಮುಟ್ಟುವವರೆಗೂ ಆಚೆ ಬದಿ ಏನೂ ಕಾಣುವುದಿಲ್ಲ. ಮುಟ್ಟಿದ ಕ್ಷಣ 3,967 ಮೀಟರಿನ ಐಗರ್ ಶಿಖರವೂ ಅದರ ಕೆಳಗೆ ಗ್ರಿಂಡೆಲ್‌ವಾಲ್ಡ್ ಬಯಲೂ ಒಟ್ಟಿಗೆ ತೆರೆದುಕೊಳ್ಳುತ್ತವೆ. ಮೈರಿಂಗೆನ್ ಕಡೆಯಿಂದಲೇ ಹತ್ತಿರಿ ಎಂದು ನಾನು ಹೇಳುವುದಕ್ಕೆ ಇದೊಂದು ಕಾರಣ. ಈ ಬದಿಯಲ್ಲಿ ಕಾಡಿನ ನೆರಳು ಹೆಚ್ಚು, ನಡುವೆ ಸಮತಟ್ಟಿನ ವಿಶ್ರಾಂತಿಯೂ ಇದೆ ಎಂಬುದು ಇನ್ನೊಂದು. ಗ್ರಿಂಡೆಲ್‌ವಾಲ್ಡ್ ಬದಿಯ ಏರು ಚಿಕ್ಕದಾದರೂ ಉಸಿರಾಡಲು ಬಿಡುವುದಿಲ್ಲ.

ಸಿದ್ಧತೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಗೇರ್. ನಿಮ್ಮ ಮತ್ತು ಸೈಕಲ್ಲಿನ ಒಟ್ಟು ತೂಕ 85 ಕಿಲೋ ಎಂದುಕೊಳ್ಳೋಣ. ಶೇಕಡಾ 10ರ ಏರಿನಲ್ಲಿ, ಮುಂದಿನ ಹಲ್ಲುಚಕ್ರದಲ್ಲಿ 34 ಹಲ್ಲು, ಹಿಂದಿನದರಲ್ಲಿ 28 ಹಲ್ಲು ಇರುವ ಗೇರ್‌ನಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ 9 ಕಿಲೋಮೀಟರ್ ದಾಟುತ್ತದೆ, ಅದಕ್ಕೆ ಗುರುತ್ವದ ವಿರುದ್ಧವೇ 210 ವ್ಯಾಟ್‌ಗಿಂತ ಹೆಚ್ಚು ಶಕ್ತಿ ಬೇಕು. ಹಿಂದೆ 34 ಹಲ್ಲಿನ ಚಕ್ರವಿದ್ದರೆ ಅದೇ ಸುತ್ತಿನಲ್ಲಿ ವೇಗ ಗಂಟೆಗೆ ಏಳೂವರೆ ಕಿಲೋಮೀಟರಿಗೆ ಇಳಿದು, ಬೇಕಾದ ಶಕ್ತಿ ಸುಮಾರು 175 ವ್ಯಾಟ್ ಆಗುತ್ತದೆ. ವಾರಕ್ಕೊಮ್ಮೆ ಸವಾರಿ ಮಾಡುವವರು ಗಂಟೆಗಟ್ಟಲೆ ತಾಳಿಕೊಳ್ಳಬಲ್ಲ ಶ್ರಮಕ್ಕೂ ಮೊಣಕಾಲು ನೋವಿಗೂ ನಡುವಿನ ಅಂತರ ಇಷ್ಟೇ. ಆದ್ದರಿಂದ ಹಿಂದೆ 34 ಹಲ್ಲಿನ ಚಕ್ರವನ್ನು ಹಾಕಿಸಿಕೊಳ್ಳಿ. ನಿಮ್ಮ ಸೈಕಲ್ಲಿನ ಹಿಂಬದಿಯ ಡಿರೈಲರ್ (ಸರಪಳಿಯನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಅಷ್ಟು ದೊಡ್ಡ ಹಲ್ಲುಚಕ್ರವನ್ನು ತೆಗೆದುಕೊಳ್ಳುತ್ತದೆಯೇ ಎಂದು ಅಂಗಡಿಯಲ್ಲಿ ಮೊದಲೇ ನೋಡಿಸಬೇಕು. ಏರಿಗೆ ಎರಡೂವರೆಯಿಂದ ಮೂರು ಗಂಟೆ ಇಟ್ಟುಕೊಂಡರೆ ಸಾಕು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಟಯರ್ 28 ಮಿಲಿಮೀಟರ್ ಅಗಲದ್ದಾದರೆ ಒಳ್ಳೆಯದು.

ಇಳಿಯುವಾಗಿನ ಎಚ್ಚರಿಕೆಯನ್ನು ಹೆಚ್ಚು ವಿಸ್ತಾರವಾಗಿ ಹೇಳಬೇಕಾಗಿದೆ. ವಾಹನವಿಲ್ಲ ಎಂಬ ನೆಮ್ಮದಿಯೇ ಇಲ್ಲಿ ಅಪಾಯ ತರುವುದು ಹೆಚ್ಚು. ಘಾಟಿಯಿಂದ 1,034 ಮೀಟರಿನ ಗ್ರಿಂಡೆಲ್‌ವಾಲ್ಡ್‌ಗೆ ಸುಮಾರು ಹತ್ತು ಕಿಲೋಮೀಟರಿನಲ್ಲಿ 930 ಮೀಟರ್ ಇಳಿಜಾರು. ಮೇಲೆ ಹೇಳಿದ 85 ಕಿಲೋ ತೂಕಕ್ಕೆ ಇದರಿಂದ ಬಿಡುಗಡೆಯಾಗುವ ಶಕ್ತಿ 770 ಕಿಲೋಜೂಲ್‌ಗೂ ಹೆಚ್ಚು. ತೆರೆದ ಹೆದ್ದಾರಿಯಲ್ಲಿ ವೇಗವಾಗಿ ಇಳಿದರೆ ಅದರ ದೊಡ್ಡ ಪಾಲನ್ನು ಗಾಳಿಯ ತಡೆ ನುಂಗುತ್ತದೆ. ಆದರೆ ಇಲ್ಲಿಯ ಕಿರಿದಾದ ತಿರುವುಗಳಲ್ಲಿ ನಿಧಾನವಾಗಿ ಇಳಿಯಲೇಬೇಕಾದುದರಿಂದ ಹೆಚ್ಚಿನದೆಲ್ಲ ಶಾಖವಾಗಿ ಬ್ರೇಕಿಗೇ ಹೋಗುತ್ತದೆ. ಕಾರ್ಬನ್ ರಿಮ್ ಮೇಲೆ ಒತ್ತುವ ರಿಮ್ ಬ್ರೇಕ್ ಇದ್ದವರು ಈ ದಾರಿಯಲ್ಲಿ ಇಳಿಯುವುದನ್ನು ನಾನು ಒಪ್ಪುವುದಿಲ್ಲ. ಡಿಸ್ಕ್ ಬ್ರೇಕ್ ಇದ್ದರೂ ಉದ್ದಕ್ಕೂ ಹಗುರವಾಗಿ ಹಿಡಿದುಕೊಂಡೇ ಇರುವುದು ತಪ್ಪು. ತಿರುವಿಗೆ ಮುಂಚೆ ಎರಡೂ ಬ್ರೇಕುಗಳನ್ನು ಬಲವಾಗಿ ಒತ್ತಿ ವೇಗ ತಗ್ಗಿಸಿ, ಪೂರ್ತಿ ಬಿಟ್ಟು, ಅವು ಆರಲು ಅವಕಾಶ ಕೊಡಬೇಕು. ನಡುನಡುವೆ ನಿಂತು ಕೈಬೆರಳುಗಳಿಗೂ ಬಿಡುವು ಕೊಡಿ.

ಬ್ರೇಕಿನಷ್ಟೇ ಗಮನ ಕೊಡಬೇಕಾದ ಇನ್ನೊಂದು ವಿಷಯ ದನಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಹುಲ್ಲುಗಾವಲುಗಳಿಗೆ ಹಸುಗಳನ್ನು ಹೊಡೆದುಕೊಂಡು ಬರುತ್ತಾರೆ. ಅವು ಗಡಿ ದಾಟದಂತೆ ರಸ್ತೆಗೆ ಅಡ್ಡವಾಗಿ ಕಬ್ಬಿಣದ ಸರಳುಗಳ ಜಾಲರಿ ಹಾಕಿರುತ್ತಾರೆ. ಒದ್ದೆಯಾಗಿದ್ದಾಗ ಆ ಸರಳುಗಳು ಬಹಳ ಜಾರುತ್ತವೆ. ಅವುಗಳ ಮೇಲೆ ಬ್ರೇಕ್ ಹಿಡಿಯದೆ, ಹ್ಯಾಂಡಲ್ ತಿರುಗಿಸದೆ, ನೇರವಾಗಿ ದಾಟಿರಿ. ಸಗಣಿ ಬಿದ್ದ ತಿರುವಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ಹಸುಗಳು ರಸ್ತೆಯ ಮೇಲೆಯೇ ಮಲಗಿದ್ದರೆ ಇಳಿದು ನಿಧಾನವಾಗಿ ಪಕ್ಕದಿಂದ ನಡೆಯಿರಿ. ನಮ್ಮೂರಿನ ದನಗಳಂತೆ ಮುಟ್ಟಿ ಮಾತನಾಡಿಸಲು ಹೋಗಬಾರದು. ಕರು ಜೊತೆಗಿರುವ ತಾಯಿಹಸು ಈ ಹುಲ್ಲುಗಾವಲುಗಳಲ್ಲಿ ಮನುಷ್ಯರ ಮೇಲೆ ಏರಿ ಬರುವುದುಂಟು.

ಬಸ್ಸಿನ ವಿಷಯ. ಕುರುಡು ತಿರುವಿಗೆ ಮುಂಚೆ ಚಾಲಕರು ಮೂರು ಸ್ವರದ ಹಾರ್ನ್ ಬಾರಿಸುತ್ತಾರೆ. ಅದು ಕಣಿವೆಯಲ್ಲಿ ದೂರದವರೆಗೆ ಕೇಳಿಸುತ್ತದೆ. ನೀಲಿ ಫಲಕದ ಮೇಲೆ ಹಳದಿ ಕಹಳೆಯ ಚಿತ್ರವಿರುವ ಸ್ವಿಸ್ ಬೆಟ್ಟದ ರಸ್ತೆಗಳಲ್ಲಿ ಇಂಥ ಬಸ್ಸಿಗೇ ಆದ್ಯತೆ, ಅದರ ಚಾಲಕರು ಮಾಡುವ ಸನ್ನೆಯನ್ನು ಉಳಿದವರು ಪಾಲಿಸಬೇಕು. ಹಾರ್ನ್ ಕೇಳಿದ ಕೂಡಲೇ ಮುಂದಿನ ಅಗಲವಾದ ಜಾಗದಲ್ಲಿ ನಿಂತು, ಒಂದು ಕಾಲನ್ನು ನೆಲಕ್ಕೆ ಊರಿ, ಬಸ್ಸು ಹೋಗುವವರೆಗೆ ಕಾಯಿರಿ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಈ ರಸ್ತೆಗೆ ಬರುವುದು ಸಲ್ಲದು. ಸ್ವಿಟ್ಜರ್ಲೆಂಡಿನಲ್ಲಿ ಸಾಮಾನ್ಯ ಸೈಕಲ್‌ಗೆ ಹೆಲ್ಮೆಟ್ ಕಡ್ಡಾಯವಿಲ್ಲ, ಆದರೂ ಹೆಲ್ಮೆಟ್ ಇಲ್ಲದೆ ಹೊರಡಬೇಡಿ. ಪೆಟ್ಟಾದರೆ ಆಂಬ್ಯುಲೆನ್ಸ್‌ಗೆ 144, ಹೆಲಿಕಾಪ್ಟರ್ ರಕ್ಷಣೆಗೆ 1414.

ಯಾವ ತಿಂಗಳು ಎಂದರೆ ನನ್ನ ಆಯ್ಕೆ ಸೆಪ್ಟೆಂಬರಿನ ಮೊದಲ ಎರಡು ವಾರಗಳು. ಮೇ ತಿಂಗಳಲ್ಲಿ ಘಾಟಿಯ ಮೇಲೆ ಹಿಮ ಉಳಿದಿರುವುದು ಸಾಮಾನ್ಯ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗುಮಳೆ ಬರುತ್ತದೆ, ಆದ್ದರಿಂದ ಹನ್ನೆರಡರೊಳಗೆ ಇಳಿಯಲು ಆರಂಭಿಸಿರಬೇಕು. ಪ್ರತಿ ನೂರು ಮೀಟರಿಗೆ ಸುಮಾರು 0.6 ಡಿಗ್ರಿಯಂತೆ ತಾಪಮಾನ ಇಳಿಯುವುದರಿಂದ ಮೈರಿಂಗೆನ್‌ನಲ್ಲಿ 20 ಡಿಗ್ರಿ ಇದ್ದರೆ ಮೇಲೆ 12ರ ಸುಮಾರು ಇರುತ್ತದೆ; ಬೆವರಿದ ಮೈಗೆ ಇಳಿಜಾರಿನ ಗಾಳಿ ತಗುಲಿದಾಗ ಅದು ಇನ್ನೂ ಚಳಿಯೆನಿಸುತ್ತದೆ. ಗಾಳಿ ತಡೆಯುವ ತೆಳು ಜಾಕೆಟ್ಟು, ಬೆರಳು ಮುಚ್ಚುವ ಕೈಗವಸು ಜೇಬಿನಲ್ಲಿರಲಿ. ಇದರ ಜೊತೆಗೆ ಈ ಕಣಿವೆಯಲ್ಲಿ ಜೋರಾಗಿ ಬೀಸುವ ಒಂದು ಗಾಳಿಯ ಬಗ್ಗೆ ತಿಳಿದಿರಬೇಕು. ದಕ್ಷಿಣದಿಂದ ಆಲ್ಪ್ಸ್ ದಾಟಿ, ಇಳಿಯುತ್ತಾ ಬಿಸಿಯಾಗಿ, ಒಣಗಿ, ಭೋರೆಂದು ಬೀಸುವ ಈ ಗಾಳಿಗೆ ಫ್ಯೋನ್ (Föhn) ಎಂದು ಹೆಸರು. ಮೈರಿಂಗೆನ್ ಊರು 1879ರಲ್ಲಿಯೂ 1891ರಲ್ಲಿಯೂ ಬೆಂಕಿಗೆ ಆಹುತಿಯಾಗಲು ಈ ಗಾಳಿಯೇ ಕಾರಣವಾಯಿತು ಎಂದರೆ ಅದರ ರಭಸವನ್ನು ಊಹಿಸಿಕೊಳ್ಳಿ. ಹವಾಮಾನ ವರದಿಯಲ್ಲಿ ಫ್ಯೋನ್ ಗಾಳಿಯ ಎಚ್ಚರಿಕೆ ಇರುವ ದಿನ, ಆಕಾಶ ಎಷ್ಟೇ ತಿಳಿಯಾಗಿ ಕಂಡರೂ, ಘಾಟಿಗೆ ಹೋಗಬೇಡಿ.

ಇನ್ನು ನಿಮ್ಮ ಪತ್ನಿಯವರ ವಿಷಯ. ಅವರಿಗೆ ಎರಡು ದಾರಿಗಳಿವೆ. ಬಾಡಿಗೆಯ ಎಲೆಕ್ಟ್ರಿಕ್ ಸೈಕಲ್‌ನಲ್ಲಿ ಅವರು ನಿಮ್ಮ ಜೊತೆಗೇ ಹತ್ತಬಹುದು. ಸೈಕಲ್ ಸೇರಿ 84 ಕಿಲೋ ತೂಕವನ್ನು 1,370 ಮೀಟರ್ ಎತ್ತಲು ಬೇಕಾದ ಶಕ್ತಿ ಸುಮಾರು 315 ವ್ಯಾಟ್‌ಅವರ್. ಅದರಲ್ಲಿ ಮೂರನೇ ಎರಡು ಪಾಲನ್ನು ಮೋಟರ್ ಕೊಟ್ಟು, ಮೋಟರಿನಲ್ಲಿ ಆಗುವ ನಷ್ಟವನ್ನು ಸೇರಿಸಿದರೂ 500 ವ್ಯಾಟ್‌ಅವರ್ ಬ್ಯಾಟರಿ ತುದಿಯವರೆಗೆ ಸಾಲುತ್ತದೆ. ಅತಿ ಹೆಚ್ಚಿನ ಸಹಾಯದ ಮೋಡ್ ಅನ್ನು ಮೊದಲ ಕಡಿದಾದ ಕಾಡಿನಲ್ಲೇ ಮುಗಿಸಿಬಿಡಬಾರದು, ಅಷ್ಟೇ. ಆದರೆ ಹತ್ತುವುದು ಸುಲಭವಾದ ಮಾತ್ರಕ್ಕೆ ಇಳಿಯುವುದು ಸುಲಭವಾಗುವುದಿಲ್ಲ. ಭಾರವಾದ ಸೈಕಲ್, ಶೇಕಡಾ 10ರ ಇಳಿಜಾರು, ಅಭ್ಯಾಸವಿಲ್ಲದ ಕೈ, ಇವು ಒಟ್ಟು ಸೇರುವುದನ್ನು ನಾನು ಬಯಸುವುದಿಲ್ಲ. ಘಾಟಿಯಿಂದ ಅವರು ಬಸ್ಸಿನಲ್ಲಿ ಇಳಿಯಬಹುದಾದರೂ ಸೈಕಲ್‌ಗೆ ಅದರಲ್ಲಿ ಜಾಗ ಸೀಮಿತ. ಬಸ್ ಕಚೇರಿಗೆ ಮುಂಚಿತವಾಗಿ ಕೇಳಿ ಗೊತ್ತುಮಾಡಿಕೊಂಡಿರಬೇಕು.

ಎರಡನೆಯ ದಾರಿಯೇ ನನಗೆ ಹೆಚ್ಚು ಸರಿಯೆನಿಸುತ್ತದೆ. ಮೈರಿಂಗೆನ್‌ನಿಂದ ಬ್ರಿಯೆಂಟ್ಸ್ ಸರೋವರದವರೆಗೆ ಆರೆ ನದಿಯ ಬಯಲು ಹಾಸಿಟ್ಟಂತೆ ಸಮತಟ್ಟು. ಹನ್ನೆರಡು, ಹದಿಮೂರು ಕಿಲೋಮೀಟರುಗಳ ಈ ದಾರಿಯಲ್ಲಿ ಸೈಕಲ್ ಗುರುತಿನ ಕೆಂಪು ಫಲಕಗಳನ್ನು ಹಿಡಿದು ಹೊಲಗಳ ನಡುವೆ, ನದಿಯ ಏರಿಯ ಪಕ್ಕದಲ್ಲಿ ಸಾಗಬಹುದು. ಬಹುಮಟ್ಟಿಗೆ ರೈತರ ವಾಹನಗಳನ್ನು ಬಿಟ್ಟು ಬೇರೇನೂ ಎದುರಾಗದು. ನಡುವೆ ಉಂಟರ್‌ಬಾಖ್‌ನಲ್ಲಿ ಸ್ವಿಸ್ ವಾಯುಪಡೆಯ ನೆಲೆಯಿದೆ, ವಾರದ ದಿನಗಳಲ್ಲಿ ಯುದ್ಧವಿಮಾನಗಳು ಏಳುವಾಗ ಆ ಬಯಲೆಲ್ಲ ಅದುರುತ್ತದೆ. ಹೀಗಾಗಿ ಅವರಿಗೆ ಶನಿವಾರ ಒಳ್ಳೆಯದು, ನಿಮಗೆ ವಾರದ ದಿನ ಒಳ್ಳೆಯದು. ಇಬ್ಬರಿಗೂ ಹೊಂದುವಂತೆ ಶನಿವಾರ ಬೆಳಿಗ್ಗೆ ಬೇಗ ಎಂದು ನಿಶ್ಚಯಿಸಿಕೊಳ್ಳಿ. ಅವರು ಬ್ರಿಯೆಂಟ್ಸ್‌ನಿಂದ ರೈಲಿನಲ್ಲಿ ಇಂಟರ್ಲಾಕೆನ್ ಓಸ್ಟ್‌ಗೆ ಬರಲಿ; ನೀವು ಗ್ರಿಂಡೆಲ್‌ವಾಲ್ಡ್‌ನಿಂದ ಲೂಚಿನೆ ನದಿಯ ಕಣಿವೆಯಲ್ಲಿ ಸುಮಾರು ಇಪ್ಪತ್ತು ಕಿಲೋಮೀಟರ್ ಇಳಿದು ಅದೇ ನಿಲ್ದಾಣವನ್ನು ಸೇರಿರಿ. ಗ್ರಿಂಡೆಲ್‌ವಾಲ್ಡ್ ಪ್ರವಾಸಿಗಳ ಊರು, ಅದರ ಕೆಳಗಿನ ಮುಖ್ಯರಸ್ತೆಯಲ್ಲಿ ವಾಹನಗಳು ವಿಪರೀತ; ದಣಿದಿದ್ದರೆ ಸವಾರಿಯನ್ನು ಊರಿನಲ್ಲೇ ಮುಗಿಸಿ ನೀವೂ ರೈಲು ಹತ್ತಿದರೆ ತಪ್ಪೇನಿಲ್ಲ.

ರೈಲಿನಲ್ಲಿ ಸೈಕಲ್‌ಗೆ ಬೇರೆಯೇ ಟಿಕೆಟ್ ಬೇಕು. ಚಕ್ರ ಕಳಚಿ ಚೀಲದಲ್ಲಿ ಹಾಕಿಕೊಂಡರೆ ಅದು ಕೈಸಾಮಾನಿನ ಲೆಕ್ಕಕ್ಕೆ ಬರುತ್ತದೆ, ಟಿಕೆಟ್ ಬೇಡ. ಇಂಟರ್‌ಸಿಟಿ ರೈಲುಗಳಲ್ಲಿ ಮಾರ್ಚ್ 21ರಿಂದ ಅಕ್ಟೋಬರ್ 31ರವರೆಗೆ ಸೈಕಲ್ ಜಾಗವನ್ನು ಕಾದಿರಿಸುವುದು ಕಡ್ಡಾಯ. ಹೋಗುವಾಗ ಲುಸರ್ನ್‌ನಲ್ಲಿ ಬದಲಿಸಿ ಬ್ರೂನಿಗ್ ಘಾಟಿಯ ಮೇಲೆ ಹಾಯುವ ರೈಲು ಹಿಡಿಯಬೇಕಾಗುತ್ತದೆ. ಬೇಸಿಗೆಯ ಶನಿವಾರಗಳಲ್ಲಿ ಸೈಕಲ್ ಜಾಗಗಳು ಬೇಗ ತುಂಬುವುದರಿಂದ, ಹವಾಮಾನ ನಿಶ್ಚಯವಾಗುವವರೆಗೆ ಕಾಯದೆ ಎರಡು ವಾರ ಮೊದಲೇ ಕಾದಿರಿಸಿ, ಅದಕ್ಕೆ ಬದಲಿಯಾಗಿ ಮುಂದಿನ ಶನಿವಾರವನ್ನೂ ಬಿಡುವಾಗಿಟ್ಟುಕೊಳ್ಳಿ.